ಕಂಟೇನರಿನ ಬೀಗದಕೈ ಯಾರ ಜೇಬಲ್ಲಿತ್ತು?

ಸಂಪಾದಕರಿಗೆ ನಮಸ್ಕಾರ,

ನಕ್ಸಲರ ಶರಣಾಗತಿ ಬಗ್ಗೆ ನಿಮ್ಮ ಪತ್ರಿಕೇಲಿ ಬರೋ ಪತ್ರಗಳನ್ನ ಒಂದೂ ಬಿಡದೆ ಓದ್ತೀನಿ, ರಿಟೈರ್ ಆದ್ಮೇಲೆ ಬೆಳಿಗ್ಗೆ ಕಾಫಿ ಜೊತೆ ಅದೇ ನನಗೆ ಡ್ಯೂಟಿ. ಹೆಚ್ಚುಕಮ್ಮಿ ಎಲ್ಲರೂ ಒಂದೇ ಕಡೆ ಬಂದು ನಿಲ್ತಾರೆ, ಬಂದೂಕು ಬಿಟ್ಟು ಎಲೆಕ್ಷನ್‌ಗೆ ನಿಲ್ಲಲಿ ಬಿಡಿ, ಜನಕ್ಕೆ ಇಷ್ಟ ಆದ್ರೆ ಗೆಲ್ತಾರೆ ಇಲ್ಲಾಂದ್ರೆ ಮನೆಗೆ ಹೋಗ್ತಾರೆ ಅಂತ. ಒಬ್ಬರಂತೂ ನೇಪಾಳದ ಉದಾಹರಣೆ ಕೊಟ್ಟು, ಅಲ್ಲಿ ಕಾಡಲ್ಲಿದ್ದವರೇ ಬಂದು ಪ್ರಧಾನಿ ಆದ್ರು, ನಮ್ಮಲ್ಲಿ ಯಾಕಾಗಬಾರದು ಅಂತ ಕೇಳಿದ್ರು. ಆ ಒಂದು ಸಾಲು ನನ್ನ ತಲೇಲಿ ಕೂತ್ಬಿಡ್ತು. ಯಾಕೆ ಅಂದ್ರೆ ನಮ್ಮ ಅಪಾರ್ಟ್‌ಮೆಂಟ್ ಗೇಟಲ್ಲಿ ರಾತ್ರಿ ಪಾಳಿಗೆ ಕೂರೋ ಮನುಷ್ಯ ಅದೇ ಕಾಡಿಂದ ಬಂದವನು. ಪ್ರಧಾನಿ ಆಗಿಲ್ಲ, ವಾಚ್‌ಮನ್ ಆಗಿದಾನೆ.

ಅವನ ವಿಷಯಕ್ಕೆ ಆಮೇಲೆ ಬರ್ತೀನಿ. ಮೊದಲು ಆ "ಕಾಡಿಂದ ಬಂದು" ಅನ್ನೋ ಮಾತು ಅರ್ಧ ಸತ್ಯ. ನೇಪಾಳದ ಮಾವೋವಾದಿಗಳು ಕಾಡಿಗೆ ಹೋಗೋಕೆ ಮುಂಚೆನೇ ಪಾರ್ಲಿಮೆಂಟ್ ನೋಡಿದ್ರು. 1991ರ ಚುನಾವಣೇಲಿ ಸಂಯುಕ್ತ ಜನಮೋರ್ಚಾ ಅಂತ ನಿಂತು 9 ಸೀಟು ಗೆದ್ದು ಮೂರನೇ ದೊಡ್ಡ ಪಕ್ಷ ಆಗಿದ್ರು. ಆಮೇಲೆ ಪಕ್ಷ ಒಡೀತು, ಮುಂದೆ ಮಾವೋವಾದಿಗಳ ನಾಯಕರಾದ ಪ್ರಚಂಡ ಮತ್ತೆ ಬಾಬುರಾಮ್ ಭಟ್ಟರಾಯ್ ಕಡೆಯವರು 1994ರ ಚುನಾವಣೆ ಬಹಿಷ್ಕರಿಸಿದ್ರು. 1996ರ ಫೆಬ್ರವರಿ 4ಕ್ಕೆ ಭಟ್ಟರಾಯ್ ಅವರು 40 ಬೇಡಿಕೆಗಳ ಪಟ್ಟಿ ತಗೊಂಡು ಹೋಗಿ ಸರ್ಕಾರಕ್ಕೆ ಕೊಟ್ರು, 17ನೇ ತಾರೀಕಿನವರೆಗೂ ಟೈಮ್ ಅಂದ್ರು, ಆದ್ರೆ 13ನೇ ತಾರೀಕೇ ರೋಲ್ಪಾ, ರುಕುಮ್ ಕಡೆ ಪೊಲೀಸ್ ಚೌಕಿಗಳ ಮೇಲೆ ದಾಳಿ ಶುರುವಾಗಿತ್ತು. ಕೊಟ್ಟ ಗಡುವಿಗೆ ಇನ್ನೂ ನಾಲ್ಕು ದಿನ ಇತ್ತು! ಉತ್ತರಕ್ಕೆ ಕಾಯೋ ಮನಸ್ಸೇ ಇರಲಿಲ್ಲ ಅಂತ ನನ್ನ ಲೆಕ್ಕ. ಇನ್ನೊಂದು ಕಡೆ ಕಾಠ್ಮಂಡು ಸರ್ಕಾರಕ್ಕೂ ಆ ಪಟ್ಟಿ ಓದೋ ವ್ಯವಧಾನ ಇರಲಿಲ್ಲ ಅನ್ನೋದೂ ನಿಜ, ಆ ಪಶ್ಚಿಮದ ಗುಡ್ಡಗಾಡಿಗೆ ರಸ್ತೆ ಇಲ್ಲ, ಆಸ್ಪತ್ರೆ ಇಲ್ಲ, ಕಂಡಿದ್ದು ಅಂದ್ರೆ ಪೊಲೀಸ್ನೋರು ಮಾತ್ರ. ಅಂತೂ ಹತ್ತು ವರ್ಷ ಯುದ್ಧ, ಸುಮಾರು 17 ಸಾವಿರ ಹೆಣ.

ಎಲ್ಲಾ ಬದಲಾಗಿದ್ದು ರಾಜನಿಂದ. 2005ರ ಫೆಬ್ರವರಿ 1ಕ್ಕೆ ಗ್ಯಾನೇಂದ್ರ ಮಹಾರಾಜರು ಸರ್ಕಾರನೇ ಕಿತ್ತಾಕಿ ತಾವೇ ಆಳ್ತೀನಿ ಅಂತ ಕೂತ್ರು, ಆಗ ಪಾರ್ಲಿಮೆಂಟ್ ಪಕ್ಷಗಳಿಗೂ ಮಾವೋವಾದಿಗಳಿಗೂ ಶತ್ರು ಒಬ್ಬನೇ ಆಗಿಬಿಟ್ಟ. ಆ ನವೆಂಬರಲ್ಲಿ ದೆಹಲೀಲಿ ಕೂತು 12 ಅಂಶದ ತಿಳಿವಳಿಕೆಗೆ ಬಂದ್ರು, 2006ರ ಏಪ್ರಿಲಲ್ಲಿ ಜನ ರಸ್ತೆಗಿಳಿದ್ರು, ರಾಜ ಬಗ್ಗಿದ, ನವೆಂಬರ್ 21ಕ್ಕೆ ಆಗಿನ ಪ್ರಧಾನಿ ಗಿರಿಜಾ ಪ್ರಸಾದ್ ಕೊಯಿರಾಲ ಮತ್ತೆ ಪ್ರಚಂಡ ಶಾಂತಿ ಒಪ್ಪಂದಕ್ಕೆ ಸೈನ್ ಹಾಕಿದ್ರು. ಇಲ್ಲೀವರೆಗೂ ಎಲ್ಲರಿಗೂ ಗೊತ್ತು, ಟಿವೀಲಿ ನೋಡಿದೀವಿ.

ಗೊತ್ತಿಲ್ಲದ್ದು ಕಂಟೇನರ್ ಕಥೆ. ನನಗೆ ಇಡೀ ವಿಷಯದಲ್ಲಿ ಅತಿ ಇಂಟರೆಸ್ಟಿಂಗ್ ಅನ್ಸಿದ್ದು ಅದೇ.

ಒಪ್ಪಂದ ಆದ್ಮೇಲೆ ಮಾವೋವಾದಿ ಸೈನ್ಯನ ಚಿತವನ, ರೋಲ್ಪಾ, ಇಲಾಮ್, ಸುರ್ಖೇತ್ ಹೀಗೆ 7 ದೊಡ್ಡ ಶಿಬಿರ, ಅದರ ಸುತ್ತ 21 ಸಣ್ಣ ಶಿಬಿರಗಳಲ್ಲಿ ಕೂರಿಸಿದ್ರು. ಬಂದೂಕುಗಳನ್ನ ವಿಶ್ವಸಂಸ್ಥೆಯವರು ಎಣಿಸಿ ನಂಬರ್ ಹಾಕಿ ದೊಡ್ಡ ಕಬ್ಬಿಣದ ಕಂಟೇನರಲ್ಲಿ ಇಟ್ರು. ಬೀಗ ಹಾಕಿದ್ರು. ಹೊರಗಡೆ ವಿಶ್ವಸಂಸ್ಥೆಯ ಕಾವಲು, ಕ್ಯಾಮೆರಾ, ಯಾರಾದ್ರೂ ಬಾಗಿಲು ತೆಗೆದ್ರೆ ಕೂಗೋ ಸೈರನ್. ಎಲ್ಲಾ ಸರಿ, ಆದ್ರೆ ಬೀಗದಕೈ? ಅದು ಮಾವೋವಾದಿ ಕಮಾಂಡರ್ ಹತ್ರನೇ ಇತ್ತು. ಕದ್ದುಮುಚ್ಚಿ ಅಲ್ಲ ಸ್ವಾಮಿ, ಒಪ್ಪಂದದಲ್ಲೇ ಹಾಗೆ ಬರ್ಕೊಂಡಿದ್ರು. ಅಷ್ಟೇ ಸಂಖ್ಯೆ ಬಂದೂಕುಗಳನ್ನ ನೇಪಾಳ ಸೇನೆನೂ ಹಂಗೇ ಬೀಗ ಹಾಕಿ ಇಡಬೇಕು, ಅವರ ಕೀ ಅವರ ಹತ್ರ. ನಾವು ಸೋತು ಕೊಟ್ಟಿದ್ದಲ್ಲ, ಇಬ್ಬರೂ ಸಮ ಸಮ ಇಳಿಸಿದೀವಿ ಅಂತ ಹುಡುಗರ ಮುಂದೆ ಹೇಳ್ಕೊಳ್ಳೋಕೆ ಒಂದು ದಾರಿ. ನಾನು ಬ್ಯಾಂಕಲ್ಲಿದ್ದವನು, ಲಾಕರಿಗೆ ಎರಡು ಕೀ ಯಾಕಿರುತ್ತೆ ಅಂತ ಗೊತ್ತು, ನಂಬಿಕೆ ಇಲ್ಲದಿದ್ರೂ ವ್ಯವಹಾರ ನಡೀಲಿ ಅಂತ. ಈ ಏರ್ಪಾಟು ಮಾಡಿದವರ ತಲೆಗೆ ಒಂದು ಸಲಾಂ ಹಾಕ್ಲೇಬೇಕು.

ಆದ್ರೆ ಅದೇ ಕೀ ಜೇಬಲ್ಲಿಟ್ಕೊಂಡು 2008ರ ಏಪ್ರಿಲ್ 10ಕ್ಕೆ ಹೊಸ ಸಂವಿಧಾನ ಬರೆಯೋ ಸಭೆಯ ಚುನಾವಣೆಗೆ ಹೋದ್ರಲ್ಲ, ಪ್ರಶ್ನೆ ಶುರುವಾಗೋದು ಅಲ್ಲಿ. ನೇರ ಚುನಾವಣೆಯ 240 ಕ್ಷೇತ್ರದಲ್ಲಿ 120 ಗೆದ್ರು, ಪಕ್ಷಕ್ಕೆ ಬಿದ್ದ ಓಟಿನ ಪ್ರಮಾಣಕ್ಕೆ ಸೀಟು ಹಂಚೋ ಪಟ್ಟಿ ಪದ್ಧತೀಲಿ ಇನ್ನೊಂದು 100, ಒಟ್ಟು 220. ಯಾರೂ ಊಹಿಸಿರಲಿಲ್ಲ, ಪೇಪರ್ನೋರೂ ಅವರು ಮೂರನೇ ಸ್ಥಾನಕ್ಕೆ ಬರ್ತಾರೆ ಅಂತಿದ್ರು. ಅವರ ಯುವ ಘಟಕದ ಹುಡುಗರು ಊರೂರಲ್ಲಿ ಬೆದರಿಕೆ ಹಾಕಿದ್ರು ಅಂತ ವೀಕ್ಷಕರೂ ಬರೆದಿದ್ರು, ಬೇರೆ ಪಕ್ಷದವರೂ ದೂರಿದ್ರು. ಆದ್ರೆ ಬರೀ ಹೆದರಿಕೆಗೆ ಅಷ್ಟು ಓಟು ಬೀಳಲ್ಲ. ದಲಿತರು, ಜನಜಾತಿಯವರು, ಹೆಂಗಸರು ಅವರಲ್ಲಿ ನಿಜವಾಗ್ಲೂ ಏನೋ ಕಂಡಿದ್ರು, 601 ಸದಸ್ಯರ ಆ ಸಂವಿಧಾನ ಸಭೇಲಿ 197 ಜನ ಹೆಂಗಸರು ಕೂತ್ರು, ನಮ್ಮ ವಿಧಾನಸೌಧಕ್ಕೆ ಇವತ್ತಿಗೂ ಆ ಭಾಗ್ಯ ಬಂದಿಲ್ಲ.

ನಮ್ಮ ಗೇಟಿನ ಮನುಷ್ಯನ್ನ ಒಂದಿನ ಕೇಳ್ದೆ, ನಿಮ್ಮ ಮನೇಲಿ ಆಗ ಯಾರಿಗೆ ಹಾಕಿದ್ರಪ್ಪಾ ಅಂತ. ಅವನು ಹಿಂದಿ ಕನ್ನಡ ಎರಡೂ ಕಲಸಿ ಮಾತಾಡ್ತಾನೆ. "ಅಮ್ಮ ಸುತ್ತಿಗೆ ಕುಡುಗೋಲಿಗೇ ಹಾಕಿದ್ದು ಸಾಬ್. ಅವರು ಸೋತ್ರೆ ಮತ್ತೆ ಜಂಗಲ್‌ಗೆ ಹೋಗ್ತಾರೆ, ನನ್ನೂ ಕರ್ಕೊಂಡು ಹೋಗ್ತಾರೆ, ಗೆದ್ರೆ ಮಗ ಮನೆಗೆ ಬರ್ತಾನೆ" ಅಂದ. ಈಗ ಹೇಳಿ, ಈ ಓಟು ಬೆದರಿಕೆಯ ಓಟಾ, ಒಪ್ಪಿಗೆಯ ಓಟಾ? ಆ ತಾಯಿ ಹತ್ರ ಯಾರೂ ಬಂದು ಹೆದರಿಸಿಲ್ಲ. ಆದ್ರೂ ಬೂತಿಗೆ ಹೋದಾಗ ಅವಳ ಕಣ್ಣ ಮುಂದೆ ಇದ್ದಿದ್ದು ಪ್ರಣಾಳಿಕೆ ಅಲ್ಲ, ಕಂಟೇನರು. ಸಶಸ್ತ್ರ ಪಕ್ಷ ಚುನಾವಣೆಗೆ ನಿಂತ್ರೆ ತಪ್ಪೇನು ಅಂತ ಕೇಳೋರಿಗೆ ನಾನು ಹೇಳೋದು ಇಷ್ಟೇ, ಬಂದೂಕು ತೋರಿಸೋ ಅಗತ್ಯನೇ ಇಲ್ಲ, ಎಲ್ಲಿದೆ ಅಂತ ಜನಕ್ಕೆ ಗೊತ್ತಿದ್ರೆ ಸಾಕು.

ಇದಕ್ಕೆ ನೇಪಾಳದಲ್ಲೇ ಸಾಕ್ಷಿ ಇದೆ. 2008ರಲ್ಲಿ ಪ್ರಚಂಡ ಕಾಠ್ಮಂಡು 10ನೇ ಕ್ಷೇತ್ರದಲ್ಲಿ ಗೆದ್ದಿದ್ರು. 2012ರಲ್ಲಿ ಶಿಬಿರಗಳು ಸೇನೆ ಕೈಗೆ ಹೋದ್ವು, ಕಂಟೇನರ್ ಕಥೆ ಮುಗೀತು. 2013ರ ಚುನಾವಣೇಲಿ ಅದೇ ಕಾಠ್ಮಂಡು 10ರಲ್ಲಿ ಪ್ರಚಂಡ ಸೋತ್ರು, ಸಿರಾಹದಲ್ಲಿ ಗೆದ್ದು ಮಾನ ಉಳಿಸ್ಕೊಂಡ್ರು, ಪಕ್ಷ 220ರಿಂದ 80ಕ್ಕೆ ಇಳೀತು. ಎಣಿಕೆ ನಿಲ್ಲಿಸಿ ಅಂತ ಅವತ್ತು ಗಲಾಟೆ ಮಾಡಿದ್ರು, ಆಮೇಲೆ ಸುಮ್ಮನಾಗಿ ಸಭೇಲಿ ಬಂದು ಕೂತ್ರು. ಆ ಸುಮ್ಮನಾಗಿ ಬಂದು ಕೂತಿದ್ದಿದೆಯಲ್ಲ, 2008ರ ಗೆಲುವಿಗಿಂತ ದೊಡ್ಡದು ಅದು ಅಂತ ನಾನಂತೀನಿ. ಸೋತು ಮನೆಗೆ ಹೋದ ದಿನ ಅವರು ನಿಜವಾದ ಪಕ್ಷ ಆದ್ರು. (ಸೋತ್ರೂ ಬೇರೆಯವರ ಜೊತೆ ಸೇರಿ ಮತ್ತೆ ಎರಡು ಸಲ ಪ್ರಧಾನಿ ಆದ್ರು ಅನ್ನೋದು ಬೇರೆ ಮಾತು, ಆ ವಿದ್ಯೆ ಕಲಿಯೋಕೆ ಕಾಡಿಗೆ ಹೋಗ್ಬೇಕಾಗಿಲ್ಲ, ನಮ್ಮ ರೆಸಾರ್ಟ್‌ಗಳಿಗೆ ಬಂದಿದ್ರೆ ಸಾಕಿತ್ತು.)

ಮಧ್ಯದ ಆ ಐದಾರು ವರ್ಷ ಹೆಂಗಿತ್ತು ನೋಡಿ. ಒಬ್ಬ ಪ್ರಧಾನಿ, ಅವನಿಗೆ ಎರಡು ಸೈನ್ಯ. ಒಂದು ದೇಶದ್ದು, ಅದು ಅವನ ಮಾತು ಕೇಳಲ್ಲ, ಇನ್ನೊಂದು ಪಕ್ಷದ್ದು, ಅದು ದೇಶದ ಮಾತು ಕೇಳಲ್ಲ. 2008ರಲ್ಲಿ ಗೆದ್ದು ಪ್ರಧಾನಿ ಆಗಿದ್ದ ಪ್ರಚಂಡ 2009ರಲ್ಲಿ ಸೇನಾ ಮುಖ್ಯಸ್ಥ ರುಕ್ಮಾಂಗದ ಕಟವಾಲರನ್ನ ಕಿತ್ತಾಕಿದ್ರು, ರಾಷ್ಟ್ರಪತಿ ರಾಮ್ ಬರನ್ ಯಾದವ್ ಅವರು ನೀವು ಹೋಗ್ಬೇಡಿ ಅಲ್ಲೇ ಇರಿ ಅಂದ್ರು, ಮೇ 4ಕ್ಕೆ ಪ್ರಚಂಡ ರಾಜೀನಾಮೆ, ಒಂಬತ್ತು ತಿಂಗಳಿಗೆ ಸರ್ಕಾರ ಢಮಾರ್. ಮಾರನೇ ದಿನನೇ ಒಂದು ವಿಡಿಯೋ ಟಿವೀಲಿ ಬಂತು, ಹಿಂದಿನ ವರ್ಷ ಚಿತವನದ ಶಕ್ತಿಖೋರ್ ಶಿಬಿರದಲ್ಲಿ ಪ್ರಚಂಡ ತಮ್ಮ ಹುಡುಗರಿಗೆ ಮಾಡಿದ ಭಾಷಣ. ಅದರಲ್ಲಿ ಅವರೇ ನಗ್ತಾ ಹೇಳಿದ್ದೇನು ಅಂದ್ರೆ, ನಾವು ನಿಜವಾಗಿ ಇದ್ದಿದ್ದು ಏಳೆಂಟು ಸಾವಿರ, 35 ಸಾವಿರ ಅಂತ ಲೆಕ್ಕ ತೋರಿಸಿದ್ದಕ್ಕೆ 20 ಸಾವಿರ ಹತ್ರ ಸಿಕ್ತು ಅಂತ!

ಇದನ್ನ ಓದಿದ್ಮೇಲೆ ನಾನು ಕ್ಯಾಲ್ಕುಲೇಟರ್ ತಗೊಂಡು ಕೂತೆ, ಅಭ್ಯಾಸ ಬಿಡಲ್ಲ. ವಿಶ್ವಸಂಸ್ಥೆ ದಾಖಲಿಸ್ಕೊಂಡ ಬಂದೂಕು 3,475. ಪರಿಶೀಲನೆ ಆಗಿ ಪಾಸಾದ ಯೋಧರು 19,602, ಅದರಲ್ಲಿ 3,846 ಹೆಂಗಸರು. ಅಂದ್ರೆ ಒಂದು ಬಂದೂಕಿಗೆ ಐದೂವರೆ ಜನ. ಸೈನ್ಯನಾ ಇದು ಅಥವಾ ಬಸ್ ಸ್ಟ್ಯಾಂಡಾ? ಆ 19,602 ಜನರ ಹೆಸರಲ್ಲಿ ತಿಂಗಳು ತಿಂಗಳು ಸರ್ಕಾರದಿಂದ ಭತ್ಯೆ ಬರ್ತಿತ್ತು, 2011ರಲ್ಲಿ ಮತ್ತೆ ಎಣಿಸಿದಾಗ ಎದುರಿಗೆ ನಿಂತಿದ್ದು ಸುಮಾರು 17 ಸಾವಿರ ಮಾತ್ರ. ಉಳಿದವರ ದುಡ್ಡು ಯಾರ ಹೊಟ್ಟೆಗೆ ಹೋಯ್ತು ಅಂತ ಶಿಬಿರದ ಹುಡುಗರೇ ಕಮಾಂಡರ್‌ಗಳ ಮೇಲೆ ಆರೋಪ ಮಾಡಿದ್ರು. ಕೊನೆಗೆ ನೇಪಾಳ ಸೇನೆಗೆ ಸೇರಿದ್ದು ಸುಮಾರು 1,400 ಜನ, ಮಿಕ್ಕವರಲ್ಲಿ ಬಹುತೇಕ ಎಲ್ಲರೂ ರ‍್ಯಾಂಕ್ ನೋಡ್ಕೊಂಡು 5ರಿಂದ 8 ಲಕ್ಷ ನೇಪಾಳಿ ರೂಪಾಯಿ ಚೆಕ್ ತಗೊಂಡು ಮನೆಗೆ ಹೋದ್ರು. ನಮ್ಮ ದುಡ್ಡಲ್ಲಿ 3ರಿಂದ 5 ಲಕ್ಷ. ಹತ್ತು ವರ್ಷ ಯುದ್ಧ, ಐದು ವರ್ಷ ಶಿಬಿರ, ಕೈಗೆ ಬಂದಿದ್ದು ಅಷ್ಟು. ಅದು ಸಿಕ್ಕಿದ್ದೂ ಪುಣ್ಯ ಅನ್ನೋರಿದ್ರು.

ಅದೂ ಸಿಗದವರು 4,008 ಜನ. ಪರಿಶೀಲನೇಲಿ ಫೇಲ್ ಆದವರು. 2,973 ಜನ ಮೈನರ್‌ಗಳು, 1988ರ ಮೇ 25ರ ಆಮೇಲೆ ಹುಟ್ಟಿದವರು, ಇನ್ನು 1,035 ಜನ ಕದನವಿರಾಮ ಆದ್ಮೇಲೆ ಸೇರ್ಕೊಂಡವರು. 2010ರ ಶುರುವಲ್ಲಿ ಇವರನ್ನ ಶಿಬಿರದಿಂದ ಹಾರ ಹಾಕಿ ಕಳ್ಸಿದ್ರು. ಟೈಲರಿಂಗ್, ಮೊಬೈಲ್ ರಿಪೇರಿ, ಇಲ್ಲಾ ಸ್ಕೂಲು, ಈ ಥರ ತರಬೇತಿ ಅಂದ್ರು, ಉಳಿದವರಿಗೆ ಕೊಟ್ಟ ಹಾಗೆ ಚೆಕ್ ಇಲ್ಲ. ಇವರಿಗೆ ನೇಪಾಳದಲ್ಲಿ ಇಟ್ಟ ಹೆಸರು ಏನು ಗೊತ್ತಾ, "ಅಯೋಗ್ಯ ಲಡಾಕು". ಅಯೋಗ್ಯ ಅಂದ್ರೆ ಅವರ ಸರ್ಕಾರಿ ಭಾಷೇಲಿ ಅನರ್ಹ ಅಂತ. ನಮ್ಮ ಭಾಷೇಲಿ ಅದೇನು ಬೈಗುಳ ಅಂತ ನಿಮಗೆ ಹೇಳ್ಬೇಕಾಗಿಲ್ಲ. ನಮ್ಮ ಗೇಟಿನವನು ಅದರಲ್ಲಿ ಒಬ್ಬ. ಮನೆಗೊಬ್ಬರು ಬರ್ಲೇಬೇಕು ಅಂತ ಮಾವೋವಾದಿಗಳು ಹೇಳ್ತಿದ್ದ ಕಾಲ, 2004ರಲ್ಲಿ ಇವನಿಗೆ 14 ವರ್ಷ, ಅಣ್ಣ ಇಂಡಿಯಾಕ್ಕೆ ಓಡಿಬಂದಿದ್ದ, ಮನೇಲಿ ಉಳಿದಿದ್ದ ಗಂಡು ಇವನೊಬ್ಬನೇ. ಇಲ್ಲಿಗೆ ಬಂದ ಹೊಸದರಲ್ಲಿ ಪಾರ್ಕಿಂಗ್ ಜಗಳದಲ್ಲಿ ನಮ್ಮ ಬಿಲ್ಡಿಂಗಿನವರೇ ಒಬ್ಬರು ಇವನಿಗೆ ಏ ಅಯೋಗ್ಯ ಅಂತ ಬೈದ್ರಂತೆ. "ಇವರಿಗೆ ಹೆಂಗೆ ಗೊತ್ತಾಯ್ತು ಅಂತ ಗಾಬರಿ ಆಗೋಯ್ತು ಸಾಬ್" ಅಂತ ನನ್ನ ಹತ್ರ ಹೇಳಿ ನಕ್ಕ. ನನಗೆ ನಗು ಬರ್ಲಿಲ್ಲ. ಇನ್ನೊಂದು ನಾಚಿಕೆ ವಿಷಯನೂ ಹೇಳ್ಬಿಡ್ತೀನಿ, ನಾಲ್ಕು ವರ್ಷ ನಾನೂ ಅವನನ್ನ ಬಹಾದ್ದೂರ್ ಬಹಾದ್ದೂರ್ ಅಂತಲೇ ಕರೀತಿದ್ದೆ, ಅದು ಅವನ ಹೆಸರೇ ಅಲ್ಲ.

ಮೇಲಿನವರ ಲೆಕ್ಕ ಬೇರೆ. ಪ್ರಚಂಡ ಮೂರು ಸಲ ಪ್ರಧಾನಿ, ಭಟ್ಟರಾಯ್ ಒಂದು ಸಲ. ಸತ್ತವರ, ಕಾಣೆಯಾದವರ ವಿಚಾರಕ್ಕೆ 2015ರಲ್ಲಿ ಎರಡು ಆಯೋಗ ಆದ್ವು, 60 ಸಾವಿರಕ್ಕೂ ಜಾಸ್ತಿ ದೂರು ಬಂದ್ವು, ಫೈಲು ಬೆಳೀತಾನೇ ಹೋಯ್ತು. 2020ರಲ್ಲಿ ಪ್ರಚಂಡ ಒಂದು ಸಭೇಲಿ 17 ಸಾವಿರದಲ್ಲಿ 5 ಸಾವಿರ ಸಾವಿನ ಹೊಣೆ ಬೇಕಾದ್ರೆ ನಾನು ಹೊರ್ತೀನಿ, ಉಳಿದಿದ್ದು ಆಗಿನ ಸರ್ಕಾರದ್ದು ಅಂದ್ಬಿಟ್ರು. ಸಾವನ್ನೂ ಪರ್ಸೆಂಟೇಜಲ್ಲಿ ಹಂಚ್ಕೊಂಡ ಹಾಗೆ. ಅದರ ಮೇಲೆ ಸುಪ್ರೀಂ ಕೋರ್ಟಲ್ಲಿ ಕೇಸೂ ಬಿತ್ತು. 2025ರ ಸೆಪ್ಟೆಂಬರಲ್ಲಿ ಕಾಠ್ಮಂಡುವಿನ ಹುಡುಗರು ಎದ್ದು ಪಾರ್ಲಿಮೆಂಟಿಗೇ ಬೆಂಕಿ ಇಟ್ಟಾಗ ಹಳೇ ನಾಯಕರ ಮನೆಗಳ ಮೇಲೆ ದಾಳಿ ಆಯ್ತು, ಪ್ರಚಂಡರ ಮನೇನೂ ಬಿಡಲಿಲ್ಲ. ಬೆಂಕಿ ಇಟ್ಟಿದ್ದನ್ನ ನಾನು ಸರಿ ಅನ್ನಲ್ಲ. ಆದ್ರೆ ಆ ಹುಡುಗರಿಗೆ ಬೇರೆ ಪಕ್ಷಗಳಿಂದ ಪ್ರಧಾನಿ ಆಗಿದ್ದ ಓಲಿ, ದೇವುಬಾ, ಜೊತೆಗೆ ಪ್ರಚಂಡ ಮೂವರೂ ಒಂದೇ ಥರ ಕಂಡ್ರು ಅನ್ನೋದು ಯೋಚನೆ ಮಾಡೋ ವಿಷಯ.

ಇಷ್ಟೆಲ್ಲಾ ಬೈದ್ಮೇಲೂ ಒಂದು ಮಾತು ಒಪ್ಕೋಬೇಕು, 2006ರ ಆಮೇಲೆ ನೇಪಾಳದಲ್ಲಿ ಆ ಯುದ್ಧ ಮತ್ತೆ ಶುರುವಾಗಲಿಲ್ಲ. ಕೀ ಕೊಡದೇ ಇದ್ದವರ ಕಥೆ ಬೇಕಾದ್ರೆ ಲೆಬನಾನ್ ನೋಡಿ. ಅಂತರ್ಯುದ್ಧ ಮುಗಿದ್ಮೇಲೆ ಉಳಿದ ಪಡೆಗಳಲ್ಲಿ ಹೆಚ್ಚಿನವು ಆಯುಧ ಒಪ್ಪಿಸಿದ್ರೂ ಹಿಜ್ಬುಲ್ಲಾ ಮಾತ್ರ ನಾವು ಇಸ್ರೇಲ್ ವಿರುದ್ಧ ಹೋರಾಡ್ತಿರೋರು ಅಂತ ಇಟ್ಕೊಂಡ್ತು, ಇಟ್ಕೊಂಡೇ 1992ರಲ್ಲಿ ಚುನಾವಣೆಗೆ ಬಂತು, 2005ರಲ್ಲಿ ಮಂತ್ರಿಗಿರಿನೂ ತಗೊಂಡ್ತು. 2008ರಲ್ಲಿ ಸರ್ಕಾರ ಅವರ ಟೆಲಿಫೋನ್ ಜಾಲದ ಮೇಲೆ ಕೈ ಹಾಕೋಕೆ ಹೋದಾಗ ಬಂದೂಕು ತಿರುಗಿದ್ದು ಇಸ್ರೇಲ್ ಕಡೆಗಲ್ಲ, ಬೈರೂತಿನ ಪಶ್ಚಿಮ ಭಾಗದ ಬೀದಿಗಳ ಕಡೆಗೆ. ಐರ್ಲೆಂಡಿನವರು ಮಧ್ಯದಲ್ಲಿ ಬರ್ತಾರೆ, 1981ರಲ್ಲಿ ಶಿನ್ ಫೇನ್ ಪಕ್ಷದವರೊಬ್ಬರು ಒಂದು ಕೈಲಿ ಓಟಿನ ಚೀಟಿ ಇನ್ನೊಂದು ಕೈಲಿ ಬಂದೂಕು ಹಿಡ್ಕೊಂಡೇ ಅಧಿಕಾರಕ್ಕೆ ಬಂದ್ರೆ ಆಕ್ಷೇಪ ಏನು ಅಂತ ವೇದಿಕೆ ಮೇಲೇ ಕೇಳಿದ್ರು, 1998ಕ್ಕೆ ಒಪ್ಪಂದ ಆದ್ರೂ ಆ ಪಕ್ಷದ ಜೊತೆಗಿದ್ದ ಸಶಸ್ತ್ರ ಪಡೆ ಐಆರ್‌ಎ ಪೂರ್ತಿ ಆಯುಧ ಬಿಟ್ಟಿದ್ದು 2005ಕ್ಕೆ, ಅವರ ಪಕ್ಷದ ಹೆಣ್ಣುಮಗಳು ಉತ್ತರ ಐರ್ಲೆಂಡಿನ ಫಸ್ಟ್ ಮಿನಿಸ್ಟರ್ ಆಗಿದ್ದು 2024ಕ್ಕೆ. ನಮ್ಮ ಮಿಜೋರಾಂ ಬೇಗ ಮುಗಿಸ್ತು, 1986ರ ಜೂನ್ 30ಕ್ಕೆ ಒಪ್ಪಂದ, ಆಗಸ್ಟಲ್ಲಿ ಬಂಡಾಯದ ನಾಯಕ ಲಾಲ್‌ಡೆಂಗಾ ಮುಖ್ಯಮಂತ್ರಿ, ಮುಂದಿನ ವರ್ಷ ಚುನಾವಣೇಲಿ 40ಕ್ಕೆ 24. ಇನ್ನೂ ಹಿಂದಕ್ಕೆ ಹೋದ್ರೆ ನಮ್ಮ ಬೀದರ್, ಕಲಬುರಗಿ, ರಾಯಚೂರು ಇದ್ದ ಹೈದರಾಬಾದ್ ಸಂಸ್ಥಾನದಲ್ಲೇ, ತೆಲಂಗಾಣದ ಸಶಸ್ತ್ರ ಹೋರಾಟ 1951ರ ಅಕ್ಟೋಬರಲ್ಲಿ ನಿಂತ್ಮೇಲೆ ನಡೆದ ಮೊದಲ ಚುನಾವಣೇಲಿ ನಲ್ಗೊಂಡದಿಂದ ರಾವಿ ನಾರಾಯಣ ರೆಡ್ಡಿ ನೆಹರೂಗಿಂತ ಜಾಸ್ತಿ ಓಟು ತಗೊಂಡು ಲೋಕಸಭೆಗೆ ಹೋಗಿದ್ರು.

ಕರ್ನಾಟಕದ್ದು ಇವ್ಯಾವುದಕ್ಕೂ ಹೋಲಿಸೋ ಅಷ್ಟು ದೊಡ್ಡದಲ್ಲ, ನಮ್ಮ ಮಲೆನಾಡಿನವರು ಚುನಾವಣೆ ಬಹಿಷ್ಕಾರ ಅಂತ ಪೋಸ್ಟರ್ ಅಂಟಿಸ್ತಿದ್ದವರು, ನಿಂತವರಲ್ಲ. 2025ರ ಜನವರಿ 8ಕ್ಕೆ ಮುಖ್ಯಮಂತ್ರಿಗಳ ಗೃಹ ಕಚೇರೀಲಿ ಆರು ಜನ ಶರಣಾದ್ರು, ಫೋಟೋ ಎಲ್ಲಾ ಪೇಪರಲ್ಲೂ ಬಂತು. ಅವತ್ತು ಎಲ್ಲರೂ ಕೇಳಿದ ಪ್ರಶ್ನೆ, ಬಂದೂಕೆಲ್ಲಿ? ಅವತ್ತು ತಂದಿರಲಿಲ್ಲ, ಆಮೇಲೆ ಚಿಕ್ಕಮಗಳೂರು ಜಿಲ್ಲೆ ಕಾಡಲ್ಲಿ ಪೊಲೀಸ್ನೋರಿಗೆ ಸಿಕ್ಕಿದ್ವು ಅಂತ ಸುದ್ದಿ ಬಂತು. ಸರಿಯಾದ ಪ್ರಶ್ನೆನೇ, ನಾನೂ ಕೇಳಿದ್ದೆ. ಆದ್ರೆ ಆ ಪ್ರಶ್ನೆ ಕೇಳಿದ ಉತ್ಸಾಹದಲ್ಲಿ ಕಾಲು ಭಾಗದಷ್ಟಾದ್ರೂ, ಅವರು ಅವತ್ತು ಕೊಟ್ಟ ಬೇಡಿಕೆ ಪಟ್ಟಿ ಏನಾಯ್ತು, ಕೇಸುಗಳು ಎಲ್ಲಿಗೆ ಬಂದ್ವು, ಹೇಳಿದ ಪ್ಯಾಕೇಜಿನ ದುಡ್ಡು ಯಾರಿಗೆ ಎಷ್ಟು ತಲುಪ್ತು ಅಂತ ನಿಮ್ಮ ಜಿಲ್ಲಾ ವರದಿಗಾರರು ವರ್ಷಕ್ಕೊಂದು ಸಲ ಹೋಗಿ ಕೇಳ್ಕೊಂಡು ಬರೆದ್ರೆ ಓದೋಕೆ ನಾನಿದೀನಿ. ಶರಣಾದ ದಿನದ ಫೋಟೋ ಮುಖಪುಟಕ್ಕೆ ಬರುತ್ತೆ, ಅದಾದ ಐದು ವರ್ಷದ ಕಥೆ ಒಳಪುಟಕ್ಕೂ ಬರಲ್ಲ. ಎಲೆಕ್ಷನ್‌ಗೆ ನಿಲ್ಲಲಿ ಅನ್ನೋ ಪತ್ರಲೇಖಕರಿಗೂ ಇದನ್ನೇ ಕೇಳ್ತೀನಿ, ನಿಲ್ಲೋಕೆ ಠೇವಣಿ ಬೇಕು, ಓಡಾಡೋಕೆ ಜಾಮೀನು ಬೇಕು, ಕೂಲಿ ಬಿಟ್ಟು ಪ್ರಚಾರಕ್ಕೆ ಹೋದ್ರೆ ಅವತ್ತಿನ ಊಟ ಬೇಕು. ನಾಯಕರಿಗೆ ಇದೆಲ್ಲ ಹೆಂಗೋ ಒದಗುತ್ತೆ. ಉಳಿದವರಿಗೆ?

ಪತ್ರ ಉದ್ದ ಆಯ್ತು ಅಂತ ಗೊತ್ತು, ಜಾಗ ಇಲ್ಲಾಂದ್ರೆ ಐರ್ಲೆಂಡು, ಲೆಬನಾನು, ನನ್ನ ಕ್ಯಾಲ್ಕುಲೇಟರ್ ಲೆಕ್ಕ ಎಲ್ಲಾ ಕತ್ತರಿಸ್ಕೊಳ್ಳಿ, ಬೇಜಾರಿಲ್ಲ. ಆ 4,008 ಜನರ ಪ್ಯಾರಾ ಮಾತ್ರ ಬಿಡ್ಬೇಡಿ. ಪೇಪರಲ್ಲಿ ನಿನ್ನ ವಿಷಯ ಬರುತ್ತೆ ಕಣೋ ಅಂತ ಅವನಿಗೆ ಹೇಳಿಬಿಟ್ಟಿದೀನಿ, ಹೆಸರು ಹಾಕ್ಬೇಡಿ ಸಾಬ್ ಅಂದಿದಾನೆ, ಹಾಕಿಲ್ಲ.

ಇಂತಿ,
ನಿವೃತ್ತ ಬ್ಯಾಂಕ್ ನೌಕರ, ವಿಜಯನಗರ, ಬೆಂಗಳೂರು